ಬನಿಯನ್ ಮೇಲಿನ ಊರು

ನನ್ನ ಟ್ರಂಕಿನಲ್ಲಿ ಎರಡು ಹಳೆಯ ಬನಿಯನ್‌ಗಳಿವೆ. 1995ರ ಬನಿಯನ್ನಿನ ಎದೆಯ ಮೇಲೆ ‘ಚಿತ್ರದುರ್ಗ’ ಎಂದಿದೆ, 1998ರದರ ಮೇಲೆ ‘ದಾವಣಗೆರೆ’. ಎರಡನ್ನೂ ತೊಟ್ಟವನು ನಾನೇ. ಎರಡರಲ್ಲೂ ಕಬಡ್ಡಿ ಅಂಕಣದಲ್ಲಿ ನಿಂತದ್ದು ಎಡ ಮೂಲೆಯಲ್ಲೇ, ಹಿಡಿಯಲು ಹವಣಿಸಿದ್ದು ದಾಳಿಗೆ ಬರುವ ರೈಡರ್‌ಗಳ ಪಾದವನ್ನೇ. ನಡುವೆ 1997ರ ಆಗಸ್ಟ್ 15ರಂದು ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಆ ದಿನ ನಾನೂ ಪಟಾಕಿ ಹಚ್ಚಿದೆ. ಕಬಡ್ಡಿ ಅಂಕಣದಲ್ಲಿ ಒಂದು ಇಡೀ ಕೋಟೆಯೇ ಕೈತಪ್ಪಿತೆಂಬುದು ಆಮೇಲೆ ಗೊತ್ತಾಯಿತು.

ಚಿತ್ರದುರ್ಗದ ಬನಿಯನ್ ತೊಟ್ಟು ಹೊರಜಿಲ್ಲೆಗೆ ಹೋದಾಗ ಮೈಕ್ ಹಿಡಿದವರಿಗೆ ಮಾತು ಹುಡುಕುವ ಕಷ್ಟವೇ ಇರುತ್ತಿರಲಿಲ್ಲ. ‘ಕೋಟೆನಾಡಿನ ಕಲಿಗಳು’ ಎಂದು ಶುರುಮಾಡಿ, ಮದಕರಿನಾಯಕನನ್ನು ಕರೆತಂದು, ನಾನು ಮೂಲೆಯಲ್ಲಿ ಬಗ್ಗಿ ನಿಂತರೆ ‘ಕಿಂಡಿಯ ಬಳಿ ಒನಕೆ ಹಿಡಿದ ಓಬವ್ವನಂತೆ’ ಎನ್ನುತ್ತಿದ್ದರು. ಮೀಸೆ ಹೊತ್ತವನಿಗೆ ಆ ಹೋಲಿಕೆ ಮುಜುಗರ ತಂದರೂ ಎದುರಿನ ರೈಡರ್ ನನ್ನ ಮೂಲೆಗೆ ಬರಲು ಒಂದು ಕ್ಷಣ ಹಿಂಜರಿಯುತ್ತಿದ್ದುದು ಸುಳ್ಳಲ್ಲ. ನಿಜ ಹೇಳಬೇಕೆಂದರೆ ಆ ಏಳು ಜನರಲ್ಲಿ ಐವರು ದಾವಣಗೆರೆಯವರು. ಏಳುಸುತ್ತಿನ ಕೋಟೆಯನ್ನು ನಾವು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಚಿತ್ರಾನ್ನದ ಪೊಟ್ಟಣ ಹಿಡಿದುಕೊಂಡು.

ಹೊಸ ಬನಿಯನ್ ಬಂದ ಮೇಲೆ ಅದೇ ಊರುಗಳಿಗೆ, ಹೆಚ್ಚುಕಡಿಮೆ ಅದೇ ಹುಡುಗರು ಹೋದೆವು. ಮೈಕ್‌ನಿಂದ ಕೇಳಿಬಂದದ್ದು ‘ಬೆಣ್ಣೆದೋಸೆಯ ಊರಿನಿಂದ ಬಂದ ತಂಡ’. ಪ್ರೇಕ್ಷಕರು ನಕ್ಕರು. ಒಬ್ಬರು ಎದ್ದು ನಿಂತು, ‘ಎಷ್ಟು ದೋಸೆ ತಿಂದು ಬಂದಿರಿ?’ ಎಂದು ಕೂಗಿದರು. ನನ್ನ ಹಿಡಿತದಿಂದ ಒಬ್ಬ ರೈಡರ್ ಜಾರಿಕೊಂಡದ್ದೇ ತಡ, ‘ಕೈಗೆ ಬೆಣ್ಣೆ ಹಚ್ಚಿಕೊಂಡಿದ್ದಾನೆ’ ಎಂಬ ಮಾತು ಇಡೀ ಮೈದಾನ ಸುತ್ತಿತು. ರೈಡರ್‌ನನ್ನು ಬೆಣ್ಣೆಯಂತೆ ಜಾರುತ್ತಾನೆ ಎಂದರೆ ಹೊಗಳಿಕೆ. ಹಿಡಿಯುವವನ ಕೈಗೆ ಬೆಣ್ಣೆ ಎಂದರೆ ಅವನ ಕಥೆ ಮುಗಿಯಿತು. ನಾನು ಹಿಡಿಯುವವನು.

ಜನಸಂಖ್ಯೆಯಲ್ಲಿ ಚಿತ್ರದುರ್ಗ ನಗರ ನಮ್ಮ ಊರಿನ ಅರ್ಧದಷ್ಟೂ ಇಲ್ಲ. ವ್ಯಾಪಾರದಲ್ಲಿ ನಮ್ಮದೇ ಮೇಲುಗೈ. ಆದರೂ ಅಂಕಣಕ್ಕೆ ಇಳಿಯುವ ಮೊದಲೇ ಆ ಹೆಸರಿಗೆ ಎರಡು ಅಂಕ ಸಿಕ್ಕಿರುತ್ತಿತ್ತು. ನಮ್ಮ ಊರನ್ನು ಕೇಳದವರು ಯಾರೂ ಇರಲಿಲ್ಲ. ಆದರೆ ದಾವಣಗೆರೆ ಎಂದೊಡನೆ ಅವರ ಕಣ್ಣ ಮುಂದೆ ಬರುತ್ತಿದ್ದದ್ದು ಕಾವಲಿ.

ಆಟ ಬಿಟ್ಟ ಮೇಲೆ ಪಿ.ಬಿ. ರಸ್ತೆಯ ಪಕ್ಕದ ಓಣಿಯಲ್ಲಿ ಫ್ಲೆಕ್ಸ್ ಮತ್ತು ಜೆರ್ಸಿ ಮುದ್ರಿಸುವ ಅಂಗಡಿ ಇಟ್ಟೆ. 2011ರಲ್ಲಿ ನಿಟುವಳ್ಳಿ ಬಡಾವಣೆಯ ಹುಡುಗರನ್ನು ಸೇರಿಸಿ ಒಂದು ತಂಡ ಕಟ್ಟಿದೆ. ಹೆಸರು ನಿಟುವಳ್ಳಿಯದೇ. ಊರೊಳಗೆ ಅದರಷ್ಟು ಚೆನ್ನಾಗಿ ನಡೆದ ಹೆಸರು ಬೇರೆ ಇಲ್ಲ. ಪಂದ್ಯವಿದ್ದ ದಿನ ಬಡಾವಣೆಯ ಅಜ್ಜಿಯರೂ ಕುರ್ಚಿ ಹಿಡಿದು ಬರುತ್ತಿದ್ದರು. ಮಂಡಕ್ಕಿ ಮಿರ್ಚಿ ಅಂಗಡಿಯ ಯಜಮಾನರು ಮಂಡಕ್ಕಿ ಭಟ್ಟಿಯಿಂದ ಒಂದು ಚೀಲ ತರಿಸಿ, ಒಗ್ಗರಣೆ ಹಾಕಿಸಿ ಹಂಚುತ್ತಿದ್ದರು.

ಹೊರಗೆ ಮಾತ್ರ ಬೇರೆ ಪಾಡು. ಹೊನಲು ಬೆಳಕಿನ ಪಂದ್ಯಾವಳಿ ನಡೆಸುವವರಿಗೆ ಫೋನ್ ಮಾಡಿ ನಿಟುವಳ್ಳಿ ಎಂದರೆ ‘ಅದು ಎಲ್ಲಿ ಬರುತ್ತದೆ ಸರ್?’ ಎಂಬ ಪ್ರಶ್ನೆ, ಆಮೇಲೆ ‘ತಂಡಗಳು ಭರ್ತಿಯಾಗಿವೆ’ ಎಂಬ ಉತ್ತರ. ಅವರನ್ನೂ ದೂರುವಂತಿಲ್ಲ. ಫ್ಲೆಕ್ಸ್ ಮುದ್ರಿಸುವವನಾದ ನನಗೆ ಅವರ ಲೆಕ್ಕ ಗೊತ್ತು. ‘ಬೆಂಗಳೂರು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಹಳ್ಳಿಗಳೆಲ್ಲ ಕೆಳಗೆ ಒಂದೇ ಸಾಲಿನಲ್ಲಿ ಬರಲಿ’ ಎಂದು ನನ್ನ ಅಂಗಡಿಗೆ ಬಂದೇ ಹೇಳುತ್ತಾರೆ. ದೂರದ ದೊಡ್ಡ ಊರು ಬರುತ್ತದೆ ಎಂದರೆ ಜನ ಸೇರುತ್ತಾರೆ, ದಾನಿಗಳು ಕೈ ಬಿಚ್ಚುತ್ತಾರೆ.

ಮೂರನೆಯ ವರ್ಷ ಹೆಸರು ಬದಲಿಸಿ ‘ದಾವಣಗೆರೆ’ ಎಂದೇ ಇಟ್ಟೆ. ಮಲೆನಾಡಿನಿಂದ, ಕರಾವಳಿಯಿಂದ ಕರೆಗಳು ಬಂದವು. ಒಬ್ಬರು ವ್ಯಾನಿನ ಬಾಡಿಗೆ ಕೊಡಲೂ ಒಪ್ಪಿದರು. ಇತ್ತ ಮನೆಯ ಕಡೆ ಬಡಾವಣೆ ತಣ್ಣಗಾಯಿತು. ಮಿರ್ಚಿ ಅಂಗಡಿಯ ಯಜಮಾನರು, ‘ಇದು ಊರಿಗೆಲ್ಲ ಸೇರಿದ ತಂಡವಾಯಿತಲ್ಲಪ್ಪ, ಊರಿಗೆಲ್ಲ ನಾನೊಬ್ಬನೇ ಮಂಡಕ್ಕಿ ಕೊಡಲೇ?’ ಎಂದು ನಗುತ್ತಲೇ ಕೈ ತೊಳೆದುಕೊಂಡರು. ಊರಿನ ಹೆಸರು ಯಾರ ಸ್ವತ್ತೂ ಅಲ್ಲವಾದ್ದರಿಂದ ಇನ್ನೊಂದು ಪಜೀತಿಯೂ ಆಯಿತು. ಒಂದು ಪಂದ್ಯಾವಳಿಗೆ ಹೋದರೆ ಅಲ್ಲಿ ಆಗಲೇ ಒಂದು ‘ದಾವಣಗೆರೆ’ ಬಂದು ಊಟಕ್ಕೆ ಕುಳಿತಿತ್ತು! ತಡವಾಗಿ ಬಂದ ನಮ್ಮನ್ನು ‘ದಾವಣಗೆರೆ ಬಿ’ ಎಂದು ಬರೆದುಕೊಂಡರು. ಆ ಬಿ ಅಕ್ಷರ ನನ್ನ ಹುಡುಗರನ್ನು ಸೋಲಿಗಿಂತ ಹೆಚ್ಚು ಕುಗ್ಗಿಸಿತು.

ಕೊನೆಗೆ ನನ್ನ ಕಸುಬೇ ದಾರಿ ತೋರಿಸಿತು. ಜೆರ್ಸಿಯ ಎದೆಗೆ ‘ದಾವಣಗೆರೆ’, ಬೆನ್ನಿಗೆ ಆಟಗಾರನ ಸಂಖ್ಯೆಯ ಮೇಲೆ ‘ನಿಟುವಳ್ಳಿ’. ಹೊರಗೆ ಹೆಸರು ನೋಂದಾಯಿಸುವಾಗ ಎದೆಯ ಹೆಸರು, ಊರೊಳಗೆ ಬೆನ್ನಿನ ಹೆಸರು. ಮಂಡಕ್ಕಿ ಚೀಲ ಮರಳಿ ಬಂದಿತು. ಬೆಣ್ಣೆಯ ಸಮಸ್ಯೆ ಮಾತ್ರ ಹಾಗೆಯೇ ಉಳಿಯಿತು.

ಲೀಗ್‌ಗಳನ್ನು ನಡೆಸುವ ದೊಡ್ಡವರು ಊರಿನ ಹೆಸರಿನ ಜೊತೆಗೆ ಇನ್ನೊಂದು ಶಬ್ದ ಅಂಟಿಸುತ್ತಾರಲ್ಲ, ನಾನೂ ಅದನ್ನು ಯೋಚಿಸಿದೆ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ದಾವಣಗೆರೆ ಡೈಮಂಡ್ಸ್ ಎಂಬ ತಂಡವಿತ್ತು. ವಜ್ರಕ್ಕೂ ನಮ್ಮ ಊರಿಗೂ ಇರುವ ನಂಟು ಒಂದು ಪ್ರಾಸ ಮಾತ್ರ. ಈಗಿನ ಮಹಾರಾಜ ಟ್ರೋಫಿ ಕ್ರಿಕೆಟ್‌ನ ಆರು ತಂಡಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಇವೆ, ನಮ್ಮ ಹೆಸರಿಲ್ಲ. ಪ್ರೊ ಕಬಡ್ಡಿಯ ಪಟ್ನಾ ತಂಡದ ಹೆಸರು ಪೈರೇಟ್ಸ್, ಎಂದರೆ ಕಡಲ್ಗಳ್ಳರು. ಪಟ್ನಾದಲ್ಲಿ ಗಂಗೆ ಇದೆ, ಕಡಲು ಎಲ್ಲಿದೆ? ಆದರೆ ಸತತ ಮೂರು ಬಾರಿ ಪ್ರಶಸ್ತಿ ಗೆದ್ದ ತಂಡವನ್ನು ಯಾರೂ ಹಾಗೆ ಕೇಳುವುದಿಲ್ಲ. ನಾವು ಒಂದು ಬಾರಿಯೂ ಗೆದ್ದಿರಲಿಲ್ಲ. ಡೈಮಂಡ್ಸ್ ಎಂದಿಟ್ಟುಕೊಂಡಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು.

ಹಳೆಯ ಬಿರುದನ್ನು ಎತ್ತಿ ತರೋಣ ಎಂದುಕೊಂಡೆ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ನನ್ನ ತಂದೆ ಗಿರಣಿಯಲ್ಲಿ ದುಡಿದವರು, ಆ ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಹುಡುಗರ ಮುಂದೆ ಮ್ಯಾಂಚೆಸ್ಟರ್ ಎಂದೆ. ‘ಯುನೈಟೆಡ್ಡೋ ಸಿಟಿಯೋ ಅಣ್ಣಾ?’ ಎಂದು ಅಲ್ಲಿನ ಫುಟ್‌ಬಾಲ್ ತಂಡಗಳನ್ನು ಕೇಳಿದರು. ಆ ಊರಿನಲ್ಲಿ ಗಿರಣಿಗಳಿದ್ದವು ಎಂಬುದೇ ಅವರಿಗೆ ಹೊಸ ಸುದ್ದಿ. ಆಮೇಲೆ, 2021ರಲ್ಲಿ, ಅದೇ ಯುನೈಟೆಡ್ ತಂಡವನ್ನು ಯುರೋಪಾ ಲೀಗ್ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಮಣಿಸಿದ್ದು ಸ್ಪೇನ್‌ನ ವಿಯ್ಯಾರಿಯಲ್. ಸುಮಾರು 50 ಸಾವಿರ ಜನರ ಊರದು, ನಮ್ಮ ಹರಿಹರಕ್ಕಿಂತ ಚಿಕ್ಕದು. ಮಗ ಇದನ್ನು ಹೇಳಿದ ದಿನ ನನಗೆ ಸುಮ್ಮನೆ ಖುಷಿಯಾಯಿತು.

ಬೆಣ್ಣೆಗೆ ಪರಿಹಾರ ಸಿಕ್ಕಿದ್ದು ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ. ಅಲ್ಲಿ ದಾವಣಗೆರೆಯ ಪೈಲ್ವಾನ್ ಎಂದರೆ ಯಾರಿಗೂ ನಗು ಬರುವುದಿಲ್ಲ. ನಮಗೂ ಗರಡಿಗಳಿವೆಯಲ್ಲ! ಮುಂದಿನ ಪಂದ್ಯಾವಳಿಗೆ ಹೋದಾಗ ವೀಕ್ಷಕ ವಿವರಣೆ ಕೊಡುವವರ ಪಕ್ಕದಲ್ಲಿ ಕುಳಿತು, ಚಹಾ ತರಿಸಿ, ‘ಸರ್, ದೋಸೆಯ ಮಾತು ಬೇಡ, ಗರಡಿಮನೆಗಳ ಊರು ಎನ್ನಿ’ ಎಂದು ವಿನಂತಿಸಿಕೊಂಡೆ. ಅವರು ತಲೆಯಾಡಿಸಿದರು. ತಂಡ ಅಂಕಣಕ್ಕೆ ಇಳಿದಾಗ ಮೈಕ್ ಗುಡುಗಿತು: ‘ಗರಡಿಮನೆಯಲ್ಲಿ ಮಣ್ಣು ಹೊತ್ತು, ಬೆಣ್ಣೆ ತಿಂದು ಬೆಳೆದ ಬೆಣ್ಣೆನಗರಿಯ ಹುಡುಗರು!’ ನಾನು ಹಣೆ ಹಿಡಿದುಕೊಂಡೆ. ಆದರೆ ಜನ ನಗಲಿಲ್ಲ, ಸಿಳ್ಳೆ ಹೊಡೆದರು. ತಿಂದ ಬೆಣ್ಣೆ ತೋಳಿಗೆ ಹೋಗಿದೆ ಎಂದುಕೊಂಡಿರಬೇಕು. ಆ ಸಲ ಸೆಮಿಫೈನಲ್‌ವರೆಗೆ ಹೋದೆವು.

ಮರುವರ್ಷ ಅದೇ ಊರಿನವರು ಕರೆ ಮಾಡಿದಾಗ ದಾವಣಗೆರೆಯನ್ನೂ ಕೇಳಲಿಲ್ಲ, ಬೆಣ್ಣೆಯನ್ನೂ ಕೇಳಲಿಲ್ಲ. ‘ಆ ಎಡಗಡೆಯಿಂದ ಬೋನಸ್ ಅಂಕ ಕದಿಯುವ ಹುಡುಗ ಬರುತ್ತಾನೆಯೇ?’ ಎಂದರು. ಅವರ ಫ್ಲೆಕ್ಸ್‌ನಲ್ಲಿ ಅವನ ಮುಖ ಮೂರು ಅಡಿ, ಊರಿನ ಹೆಸರು ಮೂರು ಅಂಗುಲ. ಕಸುಬಿನ ಚಟ, ಅಳತೆ ಮಾಡಿದೆ.

ವೇಗಿ ವಿನಯ್ ಕುಮಾರ್ ನಮ್ಮ ಊರಿನವರು. ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಐಪಿಎಲ್‌ನಲ್ಲಿ ಬೆಂಗಳೂರು, ಕೊಚ್ಚಿ, ಕೋಲ್ಕತ್ತ, ಮುಂಬೈ ಎಂದು ಯಾವ ಊರಿನ ಜೆರ್ಸಿ ತೊಟ್ಟರೂ ಅವರು ‘ದಾವಣಗೆರೆ ಎಕ್ಸ್‌ಪ್ರೆಸ್’. ನಮ್ಮ ಊರಿನ ಹೆಸರಿನ ಮುಂದೆ ದೋಸೆಯ ಬದಲು ವೇಗ ಬಂದು ಕೂತದ್ದನ್ನು ಮೊದಲು ಕೇಳಿದ್ದು ಅವರಿಂದಲೇ. ಹನ್ನೆರಡು ಜೆರ್ಸಿ ಮುದ್ರಿಸಿ ನಾನು ಮಾಡಲಾಗದ್ದನ್ನು ಒಬ್ಬರು ಚೆಂಡು ಎಸೆದು ಮಾಡಿದರು.

ಕಳೆದ ವರ್ಷ ನಮ್ಮ ಆ ಬೋನಸ್ ಹುಡುಗ ರಾಜಧಾನಿಯ ಒಂದು ತಂಡ ಸೇರಿದ. ನನ್ನ ಮೇಲಿನ ಅಭಿಮಾನಕ್ಕೆ ಹೊಸ ತಂಡದ ಜೆರ್ಸಿಗಳ ಆರ್ಡರ್ ನನಗೇ ಕೊಡಿಸಿದ. ಪಟ್ಟಿ ನೋಡಿದೆ. ಹನ್ನೆರಡು ಜನರಲ್ಲಿ ಬೆಂಗಳೂರಿನವರು ಇಬ್ಬರು. ಎದೆಗೆ ‘ಬೆಂಗಳೂರು’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿದೆ. ಅವನದಕ್ಕೆ ಮಾತ್ರ, ಯಾರನ್ನೂ ಕೇಳದೆ, ಕಾಲರಿನ ಒಳಭಾಗದಲ್ಲಿ ‘ನಿಟುವಳ್ಳಿ’ ಎಂದು ಸಣ್ಣದಾಗಿ ಒತ್ತಿದೆ. ಬಿಲ್ಲಿನಲ್ಲಿ ರಿಯಾಯಿತಿ ಕೊಡಲಿಲ್ಲ.