ಕಾಳಿ ನದಿ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್): ನಗರಸಭೆ, ಸಂಘ, ಸ್ವಯಂಸೇವಕರು ಸೇರಿ ನೆಡುವುದು ಹೇಗೆ

ಸಸಿಗಿಂತ ಮೊದಲು ಬೇಕಾದದ್ದು ಸರ್ವೆ ನಂಬರು. ಕಾರವಾರದ ಅಳಿವೆ ಪ್ರದೇಶದಲ್ಲಿ ಅರಣ್ಯ, ಕಂದಾಯ, ಖಾಸಗಿ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಕ್ಕಪಕ್ಕದಲ್ಲೇ ಇರುತ್ತವೆ. ಪಹಣಿ ನೋಡಿ, ಜಾಗದ ಒಡೆಯರಿಂದ ಲಿಖಿತ ಒಪ್ಪಿಗೆ ಪಡೆಯಿರಿ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಕಾಂಡ್ಲಾವನ ಅತಿ ಬಿಗಿಯಾದ ವರ್ಗದಲ್ಲಿದೆ. ನಗರಸಭೆಯ ಪತ್ರವೊಂದೇ ಸಾಲದು, ಅರಣ್ಯ ಇಲಾಖೆಯನ್ನೂ ಕೂರಿಸಿಕೊಂಡೇ ಮಾತಾಡಿ.

ನಗರಸಭೆಯ ಜೊತೆಗಿನ ಒಪ್ಪಂದದಲ್ಲಿ, ದಂಡೆಯಿಂದ ಹೆಕ್ಕಿದ ಕಸದ ವಿಷಯ ಸ್ಪಷ್ಟವಿರಲಿ. ಕೆಸರು ಮೆತ್ತಿದ ಪ್ಲಾಸ್ಟಿಕ್, ಹರಿದ ಬಲೆಯನ್ನು ಒಣಕಸ ಘಟಕ ವಾಪಸು ಕಳಿಸಬಹುದು. ಗಾಡಿ ಯಾವಾಗ, ಎಲ್ಲಿಗೆ ಎಂದು ಬರೆಸಿಕೊಳ್ಳಿ. ಮುಂದಿನ 3 ವರ್ಷದ ನಿಗಾ ಯಾರದೆಂದೂ ಬರೆಸಿ. ಫೋಟೊ ದಿನಕ್ಕೆ ಎಲ್ಲರೂ ಬರುತ್ತಾರೆ, ಬಿಡಿ.

ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಕೋಡು (ಮರದಲ್ಲೇ ಮೊಳೆತು ಕಾಯಿಯಿಂದ ಜೋತುಬೀಳುವ ಉದ್ದನೆಯ ಮೊಳಕೆ) ಮಳೆಗಾಲದಲ್ಲಿ ಬಲಿಯುತ್ತದೆ. ಕಾಯಿಯ ಕೆಳಗೆ ಹಳದಿ ಉಂಗುರ ಮೂಡಿ, ಮುಟ್ಟಿದರೆ ಕಳಚುವಂಥದ್ದೇ ಬೇಕು. ಜಗ್ಗಿ ಕಿತ್ತದ್ದು ಬೇಡ. ಚೂಪು ತುದಿ ಕೆಳಗಾಗಿ, ಮೂರನೇ ಒಂದು ಭಾಗ ಹೂಳಿ. ನಡುವೆ 1.5 ಮೀಟರ್ ಬಿಡಿ.

ಬಹುಪಾಲು ಸೋಲು ಜಾಗದ ಆಯ್ಕೆಯದು. ಖಾಲಿ ಕಂಡಿತೆಂದು ತಗ್ಗಿನ ಕೆಸರಲ್ಲಿ ನೆಟ್ಟರೆ ಗಿಡ ಹೆಚ್ಚು ಹೊತ್ತು ಮುಳುಗಿ ಉಸಿರುಗಟ್ಟುತ್ತದೆ, ಕಾಂಡಕ್ಕೆ ಚಿಪ್ಪುಜೀವಿ ಅಂಟಿ ಬಾಗುತ್ತದೆ. ಹತ್ತಿರದ ಹಳೆಯ ಕಾಂಡ್ಲಾ ಯಾವ ಮಟ್ಟದಲ್ಲಿದೆಯೋ ಅದೇ ಮಟ್ಟ ಹಿಡಿಯಿರಿ. ತಾನಾಗಿ ಸಸಿ ಎದ್ದಿದ್ದರೆ ನೆಡಲೇಬೇಡಿ. ಕಟ್ಟಿಕೊಂಡ ನೀರಿನ ದಾರಿ ಬಿಡಿಸಿದರೆ ಸಾಕು.

ಸಮುದ್ರದ ಪೂರ್ಣ ಇಳಿತಕ್ಕೆ 2 ಗಂಟೆ ಮುಂಚೆ ಇಳಿದು, ನೀರು ತಿರುಗುತ್ತಲೇ ಮೇಲೆ ಬನ್ನಿ. ಗಮ್‌ಬೂಟು ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ, ಲೇಸ್ ಬಿಗಿದ ಹಳೆಯ ಕ್ಯಾನ್ವಾಸ್ ಶೂ ವಾಸಿ. ಐದಾರು ಜನಕ್ಕೆ ಕೆಸರು ಬಲ್ಲ ಸ್ಥಳೀಯರೊಬ್ಬರಿರಲಿ. ಚಿಪ್ಪು ಹೆಕ್ಕುವವರ ಹಾದಿ, ದೋಣಿ ಕಟ್ಟುವ ಜಾಗದಲ್ಲಿ ನೆಡಬೇಡಿ.