ಹಳೆ ಆರ್‌ಎಕ್ಸ್ 100 ಕೊಳ್ಳುವ ಮುಂಚೆ: ಅಸಲಿ ಯಾವುದು, ಜೋಡಿಸಿದ್ದು ಯಾವುದು?

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾವ ಹಳೆ ಗ್ಯಾರೇಜಿಗೆ ಹೋದರೂ ಒಂದು ಯಮಹಾ ಆರ್‌ಎಕ್ಸ್ 100 ಬೈಕ್ ಕಣ್ಣಿಗೆ ಬೀಳುತ್ತದೆ. ಬೆಲೆ ಕೇಳಿದರೆ ಹೊಸ ಬೈಕಿನ ಬೆಲೆ ಹೇಳುತ್ತಾರೆ. ಕೊಡುವವರೂ ಇದ್ದಾರೆ, ತಪ್ಪೇನಿಲ್ಲ, ಆ ಗಾಡಿಯೇ ಹಾಗಿದೆ. 98 ಸಿಸಿ, 11 ಹಾರ್ಸ್‌ಪವರ್, ಸುಮಾರು ನೂರು ಕೆಜಿ ತೂಕ, ಆಕ್ಸಿಲರೇಟರ್ ತಿರುವಿದ ತಕ್ಷಣ ಓಡುವ ಗುಣ. 1985ರಿಂದ 1996ರ ತನಕ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಇದನ್ನು ತಯಾರಿಸಿತು, ಆಮೇಲೆ ನಿಂತೇ ಹೋಯಿತು. ಇಷ್ಟು ವರ್ಷದಲ್ಲಿ ಎಷ್ಟೋ ಗಾಡಿ ಗುಜರಿಗೆ ಹೋದವು, ಎಷ್ಟೋ ಅಪಘಾತದಲ್ಲಿ ಮುಗಿದವು, ಆದರೂ ಮಾರಾಟಕ್ಕೆ ಬರುವ ‘ಫುಲ್ ಒರಿಜಿನಲ್’ ಗಾಡಿಗಳು ಮಾತ್ರ ವರ್ಷ ವರ್ಷ ಜಾಸ್ತಿ ಆಗುತ್ತಿವೆ. ಅವು ಎಲ್ಲಿಂದ ಬರುತ್ತಿವೆ ಅಂತ ಕೇಳಿಕೊಳ್ಳಬೇಕಲ್ವಾ?

ನನ್ನ ಮಾತು ಇಷ್ಟೇ. ಫಳಫಳ ಹೊಳೆಯುವ ಗಾಡಿಗಿಂತ ಬಣ್ಣ ಮಾಸಿದ, ಯಾರೂ ಕೈ ಹಾಕದ ಗಾಡಿ ಮೇಲು. ಬಣ್ಣ ನಾಳೆ ಹೊಡೆಸಬಹುದು, ಸೀಟು ಹೊಲಿಸಬಹುದು. ಅಸಲಿ ಚಾಸಿಯ, ಅಂದರೆ ಗಾಡಿಯ ಮೂಲ ಚೌಕಟ್ಟಿನ, ನಂಬರನ್ನು ಮಾತ್ರ ಯಾವ ಮಿಸ್ತ್ರಿಯೂ ಹುಟ್ಟಿಸಿ ಕೊಡಲಾರ. ಹಾಗಾಗಿ ಗಾಡಿ ಸ್ಟಾರ್ಟ್ ಮಾಡಿ ಆ ಸದ್ದು ಕೇಳಿ ಮನಸ್ಸು ಕರಗುವ ಮುಂಚೆಯೇ ನಂಬರ್ ನೋಡಿ.

ಚಾಸಿ ನಂಬರ್ ಇರುವುದು ಹ್ಯಾಂಡಲ್ ಕೂರುವ ಕೊಳವೆಯ ಮೇಲೆ. ಹ್ಯಾಂಡಲನ್ನು ಪೂರ್ತಿ ಒಂದು ಕಡೆ ತಿರುಗಿಸಿದರೆ ಕಾಣುತ್ತದೆ. ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲೆ, ಅಂದರೆ ಎಂಜಿನ್ನಿನ ಕೆಳಭಾಗದ ಲೋಹದ ಗೂಡಿನ ಮೇಲೆ ಇರುತ್ತದೆ. ಆರ್‌ಎಕ್ಸ್ 100 ಆದರೆ ನಂಬರಿನಲ್ಲಿ 1ಎಲ್1 ಅಂತ ಇರುತ್ತದೆ. ಬೇರೆ ಏನಾದರೂ ಇದ್ದರೆ ಅದು ಬೇರೆ ಮಾಡೆಲ್ಲಿನ ಎಂಜಿನ್ನೋ ಚಾಸಿಯೋ ಆಗಿರುತ್ತದೆ, ಅಲ್ಲಿಗೆ ಮಾತು ನಿಲ್ಲಿಸಿ. ಸರಿಯಾಗಿಯೇ ಇದ್ದರೂ ಸಮಾಧಾನ ಬೇಡ. ಒಂದು ಬಟ್ಟೆಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಹಚ್ಚಿ ಆ ಜಾಗ ಒರೆಸಿ. ನಮ್ಮ ಕಡೆಯ ಎರೆಮಣ್ಣು ಮತ್ತು ಹಳೆ ಆಯಿಲ್ ಸೇರಿ ಅಲ್ಲಿ ಗಟ್ಟಿ ಪದರ ಕೂತಿರುತ್ತದೆ, ಅದೆಲ್ಲ ಹೋಗಬೇಕು. ಆಮೇಲೆ ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಅಕ್ಷರಗಳ ಆಳ ಒಂದೇ ಸಮ ಇದೆಯಾ, ಸಾಲು ನೆಟ್ಟಗಿದೆಯಾ, ಸುತ್ತಲಿನ ಲೋಹದಲ್ಲಿ ಗ್ರೈಂಡರ್ ಉಜ್ಜಿದ ಗೀರು ಇದೆಯಾ, ಅಲ್ಲಷ್ಟೇ ಮೇಲ್ಮೈ ತಗ್ಗಾಗಿದೆಯಾ, ಅಲ್ಲಷ್ಟೇ ಬಣ್ಣ ದಪ್ಪವಾಗಿದೆಯಾ, ಎಲ್ಲಾ ಆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಒಂದು ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳಿ, ಆರ್‌ಟಿಒ ಏಜೆಂಟರು ಮಾಡುವ ಹಾಗೆ. ಕಣ್ಣು ಬಿಟ್ಟದ್ದನ್ನು ಪೆನ್ಸಿಲ್ ಹಿಡಿಯುತ್ತದೆ. ಒಂದು 3 ಅನ್ನು 8 ಮಾಡಿದ್ದರೆ ಹಾಳೆಯ ಮೇಲೆ ಗೊತ್ತಾಗಿಬಿಡುತ್ತದೆ.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಗಾಡಿಯಲ್ಲಿ ನಡೆಯುವ ದೊಡ್ಡ ಮೋಸವೇ ಇದು. ಗುಜರಿಗೆ ಹೋದ ಗಾಡಿಯ ಆರ್‌ಸಿ ಯಾರದೋ ಹತ್ತಿರ ಉಳಿದಿರುತ್ತದೆ. ಕಾಗದ ಇಲ್ಲದ, ಕೆಲವೊಮ್ಮೆ ಕದ್ದ ಚಾಸಿ ಇನ್ನೊಬ್ಬರ ಹತ್ತಿರ ಇರುತ್ತದೆ. ಎರಡನ್ನೂ ಸೇರಿಸಿ ನಂಬರ್ ಕೊರೆದು ಬಣ್ಣ ಹೊಡೆದರೆ ಒಂದು ‘ಒರಿಜಿನಲ್’ ಗಾಡಿ ತಯಾರು. ಸಿಕ್ಕಿಬಿದ್ದಾಗ ಸ್ಟೇಷನ್ನಿನಲ್ಲಿ ಕೂರುವವರು ಕೊನೆಗೆ ಕೊಂಡವರು, ಮಾರಿದವರು ಅಲ್ಲ.

ಈಗ ಕಾಗದ. ನಮ್ಮ ಭಾಗದಲ್ಲಿ ಇದನ್ನು ಬೇರೆಯವರಿಗಿಂತ ಹೆಚ್ಚು ಗಮನ ಇಟ್ಟು ನೋಡಬೇಕು, ಯಾಕೆಂದರೆ ನಾವಿರುವುದು ಗಡಿಯಲ್ಲಿ. ಸೋಲಾಪುರ, ಲಾತೂರು, ಉದಗೀರ್ ಒಂದು ಕಡೆ, ಜಹೀರಾಬಾದ್, ತಾಂಡೂರು, ಹೈದರಾಬಾದ್ ಇನ್ನೊಂದು ಕಡೆ. ಗಾಡಿ ಅಲ್ಲಿಂದ ಸುಲಭವಾಗಿ ಬಂದುಬಿಡುತ್ತದೆ, ಕಾಗದ ಅಷ್ಟು ಸುಲಭವಾಗಿ ಬರಲ್ಲ. ಬೇರೆ ರಾಜ್ಯದ ನಂಬರ್ ಇದ್ದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು, ಅದು ಫಾರ್ಮ್ 28. ಇಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಿ ತೆರಿಗೆ ಕಟ್ಟಬೇಕು. ‘ಎನ್‌ಒಸಿ ಆಮೇಲೆ ತರಿಸಿಕೊಡ್ತೀನಿ ಅಣ್ಣಾ, ಈಗ ಗಾಡಿ ತಗೊಂಡು ಹೋಗ್ರಿ’ ಅಂದರೆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಎನ್‌ಒಸಿ ಕೈಗೆ ಬಂದ ದಿನ ಹೋಗಿ ತಂದರಾಯಿತು.

ನಂಬರ್ ಪ್ಲೇಟೇ ಒಂದಷ್ಟು ಕಥೆ ಹೇಳುತ್ತದೆ. ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್, ಕೆಎ-39 ಭಾಲ್ಕಿ. ಈಗಿನ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದಿದ್ದು 1989ರ ಜುಲೈ 1ಕ್ಕೆ, ಕೆಎ ಅನ್ನುವ ಸರಣಿ ಬಂದಿದ್ದು ಅದರ ನಂತರ. ಮಾರುವವರು ‘ಇದು 86ರ ಮಾಡೆಲ್, ಮೊದಲ ಬ್ಯಾಚ್’ ಅಂತ ಹೇಳಿ ಪ್ಲೇಟಿನಲ್ಲಿ ಕೆಎ ಇದ್ದರೆ, ಒಂದೋ ಗಾಡಿ ಮತ್ತೆ ರಿಜಿಸ್ಟರ್ ಆಗಿದೆ ಅಥವಾ 86ರದ್ದಲ್ಲ. ಮತ್ತೆ ರಿಜಿಸ್ಟರ್ ಆಗಿದ್ದರೆ ಅದರ ಕಾಗದ ತೋರಿಸಲಿ. ಇನ್ನೊಂದು ಸಣ್ಣ ವಿಷಯ, ಊರಿನ ಹೆಸರು ಗುಲ್ಬರ್ಗಾ ಹೋಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ‘ಮೊದಲ ದಿನದ ಆರ್‌ಸಿ, 1992ರದ್ದು’ ಅಂತ ಕೈಗಿಟ್ಟ ಕಾಗದದಲ್ಲಿ ಕಲಬುರಗಿ ಅಂತ ಅಚ್ಚಾಗಿದ್ದರೆ ಅದು ಮೊದಲ ದಿನದ್ದಲ್ಲ. ನವೀಕರಣದಲ್ಲೋ ಡೂಪ್ಲಿಕೇಟ್ ತೆಗೆಸಿದಾಗಲೋ ಬಂದ ಹೊಸ ಆರ್‌ಸಿ ಆಗಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಡೂಪ್ಲಿಕೇಟ್ ಯಾಕೆ ತೆಗೆಸಿದರು, ಹಳೆಯದು ಎಲ್ಲಿ ಹೋಯಿತು ಅಂತ ಕೇಳಿ.

ಆರ್‌ಸಿಯಲ್ಲಿ ಇರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೀವು ತೆಗೆದ ಪೆನ್ಸಿಲ್ ಪ್ರಿಂಟ್ ಪಕ್ಕ ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಮಾಡೆಲ್, ರಿಜಿಸ್ಟ್ರೇಷನ್ ದಿನಾಂಕ, ಎಲ್ಲಿಯ ತನಕ ಚಾಲ್ತಿ ಇದೆ ಅನ್ನುವುದನ್ನು ನೋಡಿ. ಹಳೆ ಗಾಡಿ ಎಷ್ಟೋ ಸಲ ಅಲ್ಲಿ ಬರುವುದೇ ಇಲ್ಲ. ಹಳೆ ರಿಜಿಸ್ಟರ್ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸದೆ ಇದ್ದರೆ ಹಾಗಾಗುತ್ತದೆ. ಆಗ ಗಾಡಿ ರಿಜಿಸ್ಟರ್ ಆದ ಆರ್‌ಟಿಒ ಕಚೇರಿಗೆ ಹೋಗಿ ದಾಖಲೆ ಇದೆಯಾ ಅಂತ ವಿಚಾರಿಸಬೇಕು, ಮತ್ತು ಆ ದಾಖಲೆ ಏರಿಸುವ ಕೆಲಸ ಮಾರುವವರೇ ಮುಗಿಸಿಕೊಡಲಿ. ಕಳವಾದ ಗಾಡಿಯಾ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಜಾಲತಾಣದಲ್ಲಿ ಸೌಲಭ್ಯ ಇದೆ. ನಂಬರ್ ಪ್ಲೇಟ್ ಬದಲಿಸಿರಬಹುದು, ಅದಕ್ಕೇ ಚಾಸಿ ಮತ್ತು ಎಂಜಿನ್ ನಂಬರನ್ನೂ ಕೊಟ್ಟು ಹುಡುಕಿ.

ಹಳ್ಳಿಯಲ್ಲಿ ಸಿಗುವ ಗಾಡಿಗಳದ್ದು ಬೇರೆ ತೊಡಕು. ಕೊಟ್ಟಿಗೆಯಲ್ಲಿ ತೊಗರಿ ಚೀಲದ ಹಿಂದೆ ವರ್ಷಗಟ್ಟಲೆ ನಿಂತ ಗಾಡಿ, ಒಬ್ಬರೇ ಮಾಲಕರು, ನೋಡಿದರೆ ಎಲ್ಲಾ ಭಾಗ ಹಾಗೇ ಇದೆ, ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ಆದರೆ ಆರ್‌ಸಿ ತೀರಿಕೊಂಡ ತಂದೆಯ ಹೆಸರಿನಲ್ಲಿರುತ್ತದೆ. ಆಗ ಮೊದಲು ಫಾರ್ಮ್ 31ರಲ್ಲಿ ಮಗನ ಅಥವಾ ಹೆಂಡತಿಯ ಹೆಸರಿಗೆ ಆಗಬೇಕು, ಆಮೇಲೆ ನಿಮ್ಮ ಹೆಸರಿಗೆ. ಮನೆಯಲ್ಲಿ ನಾಲ್ಕು ಜನ ವಾರಸುದಾರರಿದ್ದರೆ ನಾಲ್ವರೂ ಒಪ್ಪಬೇಕು. ‘ಕಾಕಾ, ಎಲ್ಲರನ್ನೂ ಒಮ್ಮೆ ಕರೆದು ಮಾತಾಡೋಣ’ ಅಂತ ಮೊದಲೇ ಹೇಳಿ. ದುಡ್ಡು ಕೊಟ್ಟ ಮೇಲೆ ಹೇಳಿದರೆ ಯಾರೂ ಬರಲ್ಲ.

ಕಾಗದ ಸರಿ ಇದ್ದರೆ ಈಗ ಗಾಡಿಗೆ ಬನ್ನಿ. ಮೊದಲು ಎಂಜಿನ್ ಮುಟ್ಟಿ ನೋಡಿ. ತಣ್ಣಗಿರಬೇಕು. ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವುದು ಗೊತ್ತಾಗದಿರಲಿ ಅಂತ ನೀವು ಬರುವ ಮುಂಚೆಯೇ ಒದ್ದು ಸ್ಟಾರ್ಟ್ ಮಾಡಿ ಇಟ್ಟಿರಬಹುದು. ಬೆಳಿಗ್ಗೆ ಹೊತ್ತು ಹೋಗುವುದು ಒಳ್ಳೆಯದು, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ಯಾವ ಎಂಜಿನ್ನೂ ತಣ್ಣಗಿರಲ್ಲ.

ಗೇರ್ ಎಣಿಸಿ. ಆರ್‌ಎಕ್ಸ್ 100ಕ್ಕೆ ನಾಲ್ಕೇ ಗೇರ್. ಐದು ಬಿದ್ದರೆ ಒಳಗಿರುವುದು ಅದೇ ಕಂಪನಿಯ ಇನ್ನೊಂದು ಮಾಡೆಲ್ ಆರ್‌ಎಕ್ಸ್ 135ರದ್ದು. ನಾಲ್ಕು ಇದ್ದರೂ 135ರ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಕೂರಿಸಿರಬಹುದು, ಇದು ನಮ್ಮಲ್ಲಿ ತುಂಬಾ ನಡೆಯುತ್ತದೆ, ಎಳೆತ ಜಾಸ್ತಿ ಆಗುತ್ತದೆ ಅಂತ. ಹೊರಗಿನಿಂದ ಹೇಳುವುದು ಕಷ್ಟ. ಅಳತೆಯಲ್ಲಿ ಮಾತ್ರ ತಪ್ಪಿಸಿಕೊಳ್ಳಲು ಆಗಲ್ಲ. ಆರ್‌ಎಕ್ಸ್ 100ರ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರವೂ 50. ಹಾಗಾಗಿಯೇ 98 ಸಿಸಿ. 135ರ ಬೋರ್ 58 ಮಿಲಿಮೀಟರ್, ಅದು 132 ಸಿಸಿ. ಟೂ ಸ್ಟ್ರೋಕ್ ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ ಬಿಚ್ಚುವುದು ದೊಡ್ಡ ಕೆಲಸವಲ್ಲ, ಆ ಹೆಡ್ಡಿನಲ್ಲಿ ವಾಲ್ವ್ ಇರಲ್ಲ. ನಿಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ, ಹೆಡ್ ತೆಗೆಸಿ, ವರ್ನಿಯರ್ ಹಿಡಿಸಿ ಅಳತೆ ತೆಗೆಸಿ. ಕೆಲವು ಸಲ ಸವೆದ ಸಿಲಿಂಡರನ್ನು ಕೊರೆಸಿ, ಅಂದರೆ ರಿಬೋರ್ ಆಗಿ 50ಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು, ಅದು ವಯಸ್ಸಿನ ಲೆಕ್ಕ. 58 ಬಂದರೆ ಅದು ಆರ್‌ಎಕ್ಸ್ 100 ಅಲ್ಲ. ಆರ್‌ಸಿಯಲ್ಲಿ 98 ಅಂತ ಇದ್ದು ಒಳಗೆ 132 ಇದ್ದರೆ ಕಾನೂನಿನಲ್ಲೂ ತಪ್ಪು, ನಾಳೆ ಇನ್ಶೂರೆನ್ಸ್ ಕೇಳಲು ಹೋದಾಗಲೂ ತೊಂದರೆ.

‘ಜಪಾನ್ ಎಂಜಿನ್’ ಅನ್ನುವ ಮಾತಿಗೆ ಬೇರೆಯೇ ಬೆಲೆ ಇದೆ. ಮೊದಮೊದಲ ಗಾಡಿಗಳನ್ನು ಜಪಾನಿನಿಂದ ತರಿಸಿದ ಭಾಗಗಳಿಂದ ಜೋಡಿಸಿದರು, ಅದು ನಿಜ. ಭಾಗಗಳ ಮೇಲೆ ಮೇಡ್ ಇನ್ ಜಪಾನ್ ಅಂತ ಇರುವುದೂ ನಿಜ. ಆದರೆ ಆ ಅಕ್ಷರ ಇರುವ ಕವರನ್ನು ಬಿಚ್ಚಿ ಯಾವ ಎಂಜಿನ್ನಿಗೆ ಬೇಕಾದರೂ ಹಾಕಬಹುದು, ನಾಲ್ಕು ಸ್ಕ್ರೂ ಕೆಲಸ. ಕವರ್ ನೋಡಿ ದುಡ್ಡು ಕೊಡಬೇಡಿ. ನಂಬರ್ ಕೊರೆದಿರುವ ಕ್ರ್ಯಾಂಕ್‌ಕೇಸ್ ಮತ್ತು ರಿಜಿಸ್ಟ್ರೇಷನ್ ವರ್ಷ ಎರಡೂ ಆ ಮಾತಿಗೆ ಹೊಂದಬೇಕು. 1994ರ ಗಾಡಿಯಲ್ಲಿ ಜಪಾನ್ ಎಂಜಿನ್ ಅಂದರೆ, ಆ ಎಂಜಿನ್ ಬೇರೆ ಗಾಡಿಯಿಂದ ಬಂದಿದೆ ಅಂತಲೇ ಮಾರುವವರು ಹೇಳಿದ ಹಾಗಾಯಿತು.

ಉಳಿದದ್ದು ಬೇಗ ನೋಡಬಹುದು. ಆಯಿಲ್ ಪಂಪ್ ಇದೆಯಾ? ಈ ಗಾಡಿಗೆ ಟೂ-ಟಿ ಆಯಿಲ್ ಹಾಕಲು ಬೇರೆ ಟ್ಯಾಂಕ್ ಮತ್ತು ಪಂಪ್ ಇತ್ತು, ಎಷ್ಟೋ ಜನ ಅದನ್ನು ಕಿತ್ತು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. ಕಾರ್ಬ್ಯುರೇಟರ್ ಮೇಲೆ ಮಿಕುನಿ ಹೆಸರು ಇದೆಯಾ? ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕತ್ತರಿಸಿದ್ದಾರಾ? ಪೆಟ್ರೋಲ್ ಟ್ಯಾಂಕಿಗೆ ಸಣ್ಣ ಅಯಸ್ಕಾಂತ ಹಿಡಿದು ಸರಿಸಿ, ಅದು ಅಂಟದೆ ಜಾರುವ ಜಾಗದಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿರುತ್ತದೆ. ಟ್ಯಾಂಕಿನ ಕೆಳಭಾಗ, ಸೀಟಿನ ಅಡಿ ನೋಡಿ. ಬಣ್ಣ ಹೊಡೆಯುವವರು ಅಲ್ಲಿ ಕೈ ಆಡಿಸಿರಲ್ಲ, ಹಳೆ ಬಣ್ಣ ಅಲ್ಲಿ ಉಳಿದಿರುತ್ತದೆ. ಹೊಸ ಟ್ಯಾಂಕು, ಮಡ್‌ಗಾರ್ಡು, ಸ್ಟಿಕ್ಕರು ಎಲ್ಲಾ ಈಗ ಅಂಗಡಿಯಲ್ಲಿ ಸಿಗುತ್ತವೆ, ಅವು ಇದ್ದರೆ ಗಾಡಿ ಕೆಟ್ಟದ್ದು ಅಂತಲ್ಲ. ಆದರೆ ಅದಕ್ಕೆ ಒರಿಜಿನಲ್ ಬೆಲೆ ಕೊಡಬಾರದು. ನಮ್ಮ ಒಣ ಹವೆಯಲ್ಲಿ ಕಬ್ಬಿಣ ಅಷ್ಟಾಗಿ ತುಕ್ಕು ಹಿಡಿಯಲ್ಲ, ರಬ್ಬರ್ ಮತ್ತು ವೈರ್ ಮಾತ್ರ ಬಿಸಿಲಿಗೆ ಸಿಡಿಯುತ್ತವೆ. ಹಾಗಾಗಿ ಸಿಡಿದ ರಬ್ಬರ್ ನೋಡಿ ಹೆದರಬೇಡಿ. ಇಲ್ಲೇ ಬೆಳೆದ ಗಾಡಿ ಅಂತ ಹೇಳಿ ಚಾಸಿ ತುಂಬಾ ತುಕ್ಕು ಇದ್ದರೆ ಅದು ನೀರಿನಲ್ಲಿ ನಿಂತಿತ್ತಾ, ಕರಾವಳಿಯಿಂದ ಬಂತಾ ಅಂತ ಕೇಳಿ.

ವ್ಯಾಪಾರ ಕುದುರಿದರೆ ಪೂರ್ತಿ ದುಡ್ಡು ಒಮ್ಮೆಲೇ ಕೊಡಬೇಡಿ. ಸ್ವಲ್ಪ ಮುಂಗಡ ಕೊಟ್ಟು, ಆರ್‌ಟಿಒದಲ್ಲಿ ಹೆಸರು ಬದಲಾಗದಿದ್ದರೆ ದುಡ್ಡು ವಾಪಸ್ ಅಂತ ಬರೆಸಿಕೊಳ್ಳಿ. ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಅವತ್ತೇ ಸಹಿ ಹಾಕಿಸಿ. ಸಾಲದ ನಮೂದು ಆರ್‌ಸಿಯಲ್ಲಿ ಇನ್ನೂ ಇದ್ದರೆ ಅದನ್ನು ತೆಗೆಸಲು ಫಾರ್ಮ್ 35 ಕೂಡ ಬೇಕು, ಮೂವತ್ತು ವರ್ಷದ ಹಿಂದೆ ತೀರಿದ ಸಾಲವಾದರೂ ಅಷ್ಟೇ. ಹದಿನೈದು ವರ್ಷ ದಾಟಿದ ಗಾಡಿಯ ರಿಜಿಸ್ಟ್ರೇಷನ್ ಐದೈದು ವರ್ಷಕ್ಕೆ ನವೀಕರಿಸಬೇಕು. ಅದು ಬಾಕಿ ಇದ್ದರೆ ಶುಲ್ಕ, ದಂಡ, ಹಸಿರು ತೆರಿಗೆ ಎಲ್ಲಾ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿಕೊಂಡು ಬೆಲೆಯಲ್ಲಿ ಕಳೆಯಿರಿ. ಗಾಡಿ ಕೈಗೆ ಬಂದ ಮೂವತ್ತು ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹೋಗಬೇಕು. ಇನ್ಶೂರೆನ್ಸ್ ಕಂಪನಿಗೆ ಹದಿನಾಲ್ಕೇ ದಿನದಲ್ಲಿ ತಿಳಿಸಬೇಕು, ಹಾಗಾಗಿ ಅದನ್ನು ಮೊದಲು ಮುಗಿಸಿ.