ಪಿಂಚಣಿ ನಿಂತಿದೆಯೇ? ಕೊರತೆ ಖಜಾನೆಯಲ್ಲೋ, ನಿಮ್ಮ ಖಾತೆಯಲ್ಲೋ ಪತ್ತೆ ಮಾಡುವ ಬಗೆ

ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ, ಯಾವುದೇ ಆಗಲಿ, ಎರಡು ತಿಂಗಳು ಖಾತೆಗೆ ಬೀಳದಿದ್ದರೆ ಓಡಾಟ ಶುರುವಾಗುತ್ತದೆ. ಬ್ಯಾಂಕಿನಲ್ಲಿ "ಸರ್ಕಾರದಿಂದಲೇ ಬಂದಿಲ್ಲ" ಎನ್ನುತ್ತಾರೆ. ನಾಡಕಚೇರಿಯಲ್ಲಿ "ಆಧಾರ್ ಲಿಂಕ್ ಆಗಿಲ್ಲ, ಬ್ಯಾಂಕಿಗೆ ಹೋಗಿ" ಎನ್ನುತ್ತಾರೆ. ಅನುದಾನ ಸಾಲದೆ ನಿಂತ ಪಿಂಚಣಿಗೆ ಮಾಡಬೇಕಾದ ಕೆಲಸವೇ ಬೇರೆ, ಖಾತೆಯ ತೊಡಕಿನಿಂದ ನಿಂತದ್ದಕ್ಕೆ ಮಾಡಬೇಕಾದದ್ದೇ ಬೇರೆ. ಯಾವುದೆಂದು ಗೊತ್ತು ಮಾಡಿಕೊಳ್ಳುವ ಮೊದಲೇ ಬಸ್ ಚಾರ್ಜು ಕಳೆಯಬೇಡಿ.

ದುಡ್ಡು ಬರುವ ದಾರಿ

ಈ ಪಿಂಚಣಿಗಳನ್ನು ನೋಡಿಕೊಳ್ಳುವುದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಸ್ಥಳಕ್ಕೆ ಬಂದು ಪರಿಶೀಲಿಸುವವರು ಗ್ರಾಮ ಆಡಳಿತ ಅಧಿಕಾರಿ, ಅಂದರೆ ಊರವರ ಬಾಯಲ್ಲಿ ಇನ್ನೂ ವಿಎ. ಮಂಜೂರಾದ ಮೇಲೆ ಹಣ ರಾಜ್ಯ ಖಜಾನೆಯ ಕಂಪ್ಯೂಟರ್ ವ್ಯವಸ್ಥೆಯಾದ ಖಜಾನೆ-2ರಿಂದ ನೇರ ಖಾತೆಗೆ ಹೋಗುತ್ತದೆ.

ನಿಮ್ಮ ಮಂಜೂರಾತಿ ಆದೇಶ ತೆಗೆದು ಯೋಜನೆಯ ಹೆಸರು ನೋಡಿ. 65 ದಾಟಿದವರ ಸಂಧ್ಯಾ ಸುರಕ್ಷಾ ಪೂರ್ತಿ ರಾಜ್ಯದ ಹಣ, ತಿಂಗಳಿಗೆ 1,200 ರೂಪಾಯಿ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಾದರೆ ಅದರಲ್ಲಿ ಕೇಂದ್ರದ ಪಾಲೂ ಇದೆ: 79 ವರ್ಷದವರೆಗೆ 200, 80 ತುಂಬಿದವರಿಗೆ 500. ಮಿಕ್ಕದ್ದನ್ನು ರಾಜ್ಯ ತುಂಬುತ್ತದೆ. ಕೇಂದ್ರದ ಪಾಲು ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ. ಒಂದೇ ಬೀದಿಯಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿರುವುದಕ್ಕೆ ಇದೂ ಕಾರಣವಾಗಬಹುದು.

ಕಡಿತ ಎಲ್ಲೆಲ್ಲಿ ಅಡಗಿರುತ್ತದೆ

"ಪಿಂಚಣಿ ಕಡಿಮೆ ಮಾಡಿದ್ದೇವೆ" ಎಂದು ಯಾವ ಸರ್ಕಾರವೂ ಘೋಷಿಸುವುದಿಲ್ಲ. ಹಣ ಬಿಗಿಯಾದಾಗ ಮೊದಲು ಬಿಡುಗಡೆ ತಡವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಸ ಆರ್ಥಿಕ ವರ್ಷದ ಬಿಡುಗಡೆ ಆದೇಶ ಹೊರಡುವವರೆಗೆ ಒಂದಷ್ಟು ತಡ ಸಹಜ, ಅದನ್ನೇ ಕಡಿತವೆಂದು ಹೆದರಬೇಕಿಲ್ಲ. ನವೆಂಬರಿನಲ್ಲೋ ಜನವರಿಯಲ್ಲೋ ಊರಿಡೀ ನಿಂತರೆ ಅನುಮಾನ ಪಡಬೇಕು. ಎರಡನೆಯದಾಗಿ ಹೊಸ ಮಂಜೂರಾತಿ ನಿಧಾನವಾಗುತ್ತದೆ, ಅರ್ಜಿ "ಪರಿಶೀಲನೆಯಲ್ಲಿದೆ" ಎಂಬಲ್ಲೇ ಕೂರುತ್ತದೆ. ಖಾಲಿ ಹುದ್ದೆ ತುಂಬದೆ ಒಬ್ಬ ವಿಎಗೆ ಎರಡು ಮೂರು ವೃತ್ತಗಳ ಹೊಣೆ ಬಿದ್ದರೆ ಅದೂ ಕಡಿತವೇ. ಆಯವ್ಯಯ ಪುಸ್ತಕದಲ್ಲಿ ಮಾತ್ರ ಅದು ಕಡಿತವೆಂದು ಕಾಣುವುದಿಲ್ಲ.

ಜನರಿಗೆ ಹೆಚ್ಚು ಏಟು ಬೀಳುವುದು ಮರುಪರಿಶೀಲನೆಯಲ್ಲಿ. ಅನರ್ಹರನ್ನು ತೆಗೆಯುವುದು ತಪ್ಪಲ್ಲ. ಆದರೆ ಆಧಾರ್, ಪಡಿತರ ಚೀಟಿ, ಮನೆಮನೆಯ ವಿವರವಿರುವ ರಾಜ್ಯದ 'ಕುಟುಂಬ' ದತ್ತಾಂಶ ಇವನ್ನು ಕಂಪ್ಯೂಟರಿನಲ್ಲಿ ತಾಳೆ ಹಾಕಿದಾಗ ಹೆಸರಿನ ಒಂದಕ್ಷರ, ವಯಸ್ಸಿನ ಒಂದು ವರ್ಷ ಹೊಂದದವರೂ ಅನರ್ಹರ ಜೊತೆಗೇ ಪಟ್ಟಿಯಿಂದ ಬೀಳುತ್ತಾರೆ. ಬದುಕಿರುವವರನ್ನು ಮೃತರೆಂದು ದಾಖಲಿಸಿದ್ದೂ ಉಂಟು.

ಬೆಲೆ ಏರಿದರೂ ಮೊತ್ತ ಏರದಿರುವುದು ಸದ್ದಿಲ್ಲದ ಕಡಿತ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ 200 ರೂಪಾಯಿ 2007ರಲ್ಲೂ 200ರೇ ಇತ್ತು.

ಪತ್ತೆ ಮಾಡುವ ಕ್ರಮ

ಮೊದಲು ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ. ಎಸ್ಸೆಮ್ಮೆಸ್ ನಂಬಬೇಡಿ, ಎರಡು ತಿಂಗಳದ್ದು ಒಟ್ಟಿಗೆ ಬಿದ್ದಿರುತ್ತದೆ, ಅಥವಾ ಕನಿಷ್ಠ ಬ್ಯಾಲೆನ್ಸ್ ಇಲ್ಲವೆಂದು ಬ್ಯಾಂಕ್ ಮುರಿದುಕೊಂಡಿರುತ್ತದೆ. ಕೊನೆಯದಾಗಿ ಜಮೆಯಾದ ತಾರೀಖು ಬರೆದಿಟ್ಟುಕೊಳ್ಳಿ.

ಆಮೇಲೆ ಅದೇ ಊರಿನಲ್ಲಿ ಅದೇ ಯೋಜನೆಯ ಮೂರು ನಾಲ್ಕು ಜನರನ್ನು ಕೇಳಿ. ಬೇರೆ ಬೇರೆ ಬ್ಯಾಂಕಿನವರಾದರೆ ಒಳ್ಳೆಯದು. ಯಾರಿಗೂ ಬಂದಿಲ್ಲವೆಂದರೆ ತೊಂದರೆ ಬಿಡುಗಡೆಯಲ್ಲಿ, ನಿಮ್ಮ ಆಧಾರ್‌ನಲ್ಲಲ್ಲ. ಒಂದೇ ಬ್ಯಾಂಕಿನವರಿಗೆ ಮಾತ್ರ ಬಂದಿಲ್ಲವೆಂದರೆ ಬ್ಯಾಂಕಿನಲ್ಲಿ. ನಿಮಗೊಬ್ಬರಿಗೇ ಬಂದಿಲ್ಲವೆಂದರೆ ನಿಮ್ಮ ಖಾತೆಯಲ್ಲಿ ಇಲ್ಲವೇ ನಿಮ್ಮ ಕಡತದಲ್ಲಿ.

ನಿಮಗೊಬ್ಬರಿಗೇ ಆಗಿದ್ದರೆ ಇನ್ನೊಂದು ಪರೀಕ್ಷೆ ಇದೆ. ಅದೇ ವ್ಯಕ್ತಿಯ ಆಧಾರ್‌ಗೆ ಬರುವ ಬೇರೆ ಹಣ, ಅಂದರೆ ಗೃಹಲಕ್ಷ್ಮಿಯ 2,000 ಅಥವಾ ಪಿಎಂ ಕಿಸಾನ್ ಕಂತು, ಈಚೆಗೆ ಜಮೆಯಾಗಿದೆಯೇ ನೋಡಿ. ಆಗಿದ್ದರೆ ಆಧಾರ್ ಜೋಡಣೆ ಸರಿ ಇದೆ, ಯಾರಾದರೂ "ಲಿಂಕ್ ಆಗಿಲ್ಲ" ಎಂದರೆ ಆ ಎಂಟ್ರಿ ತೋರಿಸಿ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅನುದಾನವೇ ಬೇರೆ. ಅದು ಬಂತೆಂದ ಮಾತ್ರಕ್ಕೆ ಪಿಂಚಣಿಗೂ ಹಣವಿದೆ ಎಂದಾಗುವುದಿಲ್ಲ.

ಮೊಬೈಲ್ ಬಳಸುವ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿಸಿ (ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು). ಆಧಾರ್ ಸಂಖ್ಯೆ ಕೊಟ್ಟು ಒಟಿಪಿ ಪಡೆದರೆ ಯಾವ ಯೋಜನೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂಬುದು ಕಾಣುತ್ತದೆ. ಆ್ಯಪ್‌ನಲ್ಲಿ ಜಮೆ ಎಂದಿದ್ದು ಪಾಸ್‌ಬುಕ್‌ನಲ್ಲಿ ಇಲ್ಲವಾದರೆ ಹಣ ನಿಮ್ಮದೇ ಇನ್ನೊಂದು ಖಾತೆಗೆ ಹೋಗಿದೆ ಎಂದುಕೊಳ್ಳಬಹುದು.

ಹೀಗಾಗುವುದು ಬಹಳ. ಖಾತೆಗೆ ಆಧಾರ್ ಝೆರಾಕ್ಸ್ ಕೊಟ್ಟಿರುವುದು ಒಂದು, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್ ಎದುರು ಆ ಬ್ಯಾಂಕ್ ಇರುವುದು ಇನ್ನೊಂದು. ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಯಾವುದು ಜೋಡಿಸಿತೋ ಅದಕ್ಕೇ ಹಣ. ಮನೆ ಬಾಗಿಲಿಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೊಸ ಖಾತೆ ತೆರೆದುಕೊಟ್ಟರೆ ಪಿಂಚಣಿ ಅಲ್ಲಿಗೆ ತಿರುಗಬಹುದು, ಅಜ್ಜಿಗೆ ಆ ಖಾತೆಯ ನೆನಪೇ ಇರುವುದಿಲ್ಲ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಜೋಡಣೆ) ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಗೊತ್ತಾಗುತ್ತದೆ. ಬದಲಿಸಬೇಕಾದರೆ ಬೇಕಾದ ಬ್ಯಾಂಕಿನ ಶಾಖೆಯಲ್ಲಿ "ಡಿಬಿಟಿಗಾಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ" ಎಂದೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. "ಆಧಾರ್ ಲಿಂಕ್ ಮಾಡಿ" ಎಂದರೆ ಕೆವೈಸಿ (ಗುರುತಿನ ದಾಖಲೆ ಸೇರಿಸುವುದು) ಮಾತ್ರ ಮಾಡಿ ಕಳಿಸುತ್ತಾರೆ.

ಪರಿಶೀಲನೆಯಲ್ಲಿ ನಿಂತಿದ್ದರೆ

ನಾಡಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ "ಯಾಕೆ ಬಂದಿಲ್ಲ" ಎಂದಲ್ಲ. "ಸ್ಥಗಿತವೋ ರದ್ದೋ, ಆದೇಶದ ಪ್ರತಿ ಕೊಡಿ" ಎಂದು ಕೇಳಿ. ಸ್ಥಗಿತವಾಗಿದ್ದರೆ ದಾಖಲೆ ಸರಿಪಡಿಸಿದರೆ ಮತ್ತೆ ಶುರುವಾಗಬಹುದು. ರದ್ದಾಗಿದ್ದರೆ ಕಾರಣವಿರುವ ಆದೇಶ ಬೇಕು, ನೋಟಿಸ್ ಕೊಡದೆ ರದ್ದು ಮಾಡಿದ್ದರೆ ಅದನ್ನೇ ಮೊದಲ ಆಕ್ಷೇಪವಾಗಿ ಬರೆಯಿರಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಪಿಂಚಣಿ ಸಂಖ್ಯೆ, ಕೊನೆಯ ಜಮೆಯ ತಾರೀಖು, ನಿಂತ ತಿಂಗಳುಗಳ ಹೆಸರು ಇರಲಿ. "ಬಾಕಿ ಸಮೇತ" ಎಂದು ಬರೆಯದಿದ್ದರೆ ಮುಂದಿನ ತಿಂಗಳಿನಿಂದ ಮಾತ್ರ ಶುರು ಮಾಡಿ ಕೈತೊಳೆದುಕೊಳ್ಳುವ ಸಂಭವ ಹೆಚ್ಚು. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಮೊದಲ ಪುಟ ಮತ್ತು ಜಮೆಯ ಪುಟ ಲಗತ್ತಿಸಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿ. ತಾಲ್ಲೂಕಿನಲ್ಲಿ ಪಿಂಚಣಿ ಅದಾಲತ್ ನಡೆಯುವ ದಿನ ಸಿಕ್ಕರೆ ಅಂದೇ ಹೋಗಿ, ಕಡತವೂ ಅಧಿಕಾರಿಯೂ ಒಂದೇ ಮೇಜಿನಲ್ಲಿ ಸಿಗುತ್ತಾರೆ. ಉತ್ತರ ಬರದಿದ್ದರೆ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಅನುದಾನವೇ ಬಂದಿಲ್ಲವಾದರೆ

ಇಲ್ಲಿ ಒಬ್ಬೊಬ್ಬರೇ ಅಲೆದರೆ ಪ್ರಯೋಜನವಿಲ್ಲ, ವಿಎ ಕೈಯಲ್ಲೂ ಏನಿಲ್ಲ. ಊರಿನ ಪಿಂಚಣಿದಾರರ ಪಟ್ಟಿ ಮಾಡಿ: ಹೆಸರು, ಯೋಜನೆ, ಕೊನೆಯ ಜಮೆ. ಅದನ್ನು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಿ, ಒಂದು ಪ್ರತಿ ಶಾಸಕರಿಗೆ ಕೊಡಿ. ಸದನದಲ್ಲಿ ಪ್ರಶ್ನೆ ಕೇಳಲು ಅವರಿಗೆ ಅಂಕಿ ಬೇಕು.

ಅಂಕಿ ಆಯವ್ಯಯ ದಾಖಲೆಯಲ್ಲಿದೆ. ಲೆಕ್ಕಶೀರ್ಷಿಕೆ 2235, ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ, ಹುಡುಕಿ. ಅದರಡಿ ಬೇರೆ ಇಲಾಖೆಗಳ ಬಾಬ್ತೂ ಇರುವುದರಿಂದ ಯೋಜನೆಯ ಹೆಸರಿನ ಸಾಲನ್ನೇ ಹಿಡಿಯಿರಿ. ವರ್ಷದ ಮೊದಲು ಇಟ್ಟ ಆಯವ್ಯಯ ಅಂದಾಜಿಗಿಂತ ಆಮೇಲೆ ತಿದ್ದಿದ ಪರಿಷ್ಕೃತ ಅಂದಾಜು ಕಡಿಮೆಯಿದ್ದರೆ ಒಂದೋ ಹಣ ಬಿಡುಗಡೆಯಾಗಿಲ್ಲ, ಇಲ್ಲವೇ ಫಲಾನುಭವಿಗಳು ಇಳಿದಿದ್ದಾರೆ. ತಾಳೆ ನೋಡುವುದು ಸುಲಭ: 1,200 ರೂಪಾಯಿಯಂತೆ ಒಬ್ಬರಿಗೆ ವರ್ಷಕ್ಕೆ 14,400, ಒಂದು ಲಕ್ಷ ಜನಕ್ಕೆ 144 ಕೋಟಿ.

ತಾಲ್ಲೂಕಿನ ವಿವರಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಎರಡು ವಿಷಯ ಬೆರೆಸಿದರೆ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತೆ. ಹೀಗೆ ಬರೆಯಬಹುದು: "ಏಪ್ರಿಲ್‌ನಿಂದ ಇಂದಿನವರೆಗೆ ಈ ತಾಲ್ಲೂಕಿನ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳುವಾರು ಪಾವತಿಯಾದ ಫಲಾನುಭವಿಗಳ ಸಂಖ್ಯೆ, ಮೊತ್ತ, ಸ್ಥಗಿತ ಮತ್ತು ರದ್ದಾದವರ ಸಂಖ್ಯೆಯನ್ನು ನೀಡಿ." "ಯಾಕೆ" ಎಂಬ ಪದ ಬೇಡ, ಕಾಯ್ದೆಯಲ್ಲಿ ಸಿಗುವುದು ದಾಖಲೆ ಮಾತ್ರ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹೊಸದಾಗಿ ಅರ್ಜಿ ಹಾಕುವವರಿಗೆ

ಹಣ ಬಿಗಿಯಿದ್ದಾಗ ಸಣ್ಣ ತಪ್ಪಿಗೂ ಅರ್ಜಿ ಹಿಂದಕ್ಕೆ ಬರುತ್ತದೆ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಇರಲಿ. ಹೊಂದದಿದ್ದರೆ ಮೊದಲು ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಕಾಗದವಿಲ್ಲ, ಸರ್ವರ್ ಇಲ್ಲ, ಈಗ ಹೊಸದು ತೆಗೆದುಕೊಳ್ಳುತ್ತಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ವಾಪಸು ಬರಬೇಡಿ, ಅದನ್ನೇ ಬರೆದುಕೊಡಲು ಕೇಳಿ. ಸಕಾಲ (ಗಡುವಿನೊಳಗೆ ಸೇವೆ ಕೊಡಿಸುವ ರಾಜ್ಯದ ವ್ಯವಸ್ಥೆ) ಸ್ವೀಕೃತಿಯ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಸ್ವೀಕೃತಿಯಲ್ಲಿರುವ ಗಡುವು ಮೀರಿದರೆ ಆ ಸಂಖ್ಯೆಯಿಂದಲೇ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಮೊತ್ತ ಚಿಕ್ಕದು, ಆದರೆ ಅದನ್ನು ಕೇಳಿದರೆ ಕಡತ ಅಲುಗಾಡುತ್ತದೆ.